ಮದುವೆ ಬ್ಯಾಂಡ್‌ನವರು ಹಳೆ ಕಾಲದ ಜಾಝ್ ಬಾರಿಸೋದು ಹೆಂಗೆ? ಸಂಡೂರು ರಸ್ತೆ ರೆಸ್ಟೋರೆಂಟ್, ಪ್ರತಿ ಶನಿವಾರ

ಗಣಿನಾಡು_ಬ್ಯಾಂಡ್ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ತೋರಣಗಲ್ಲಿನಿಂದ ಸಂಡೂರಿಗೆ ಹೋಗೋ ದಾರಿಯಲ್ಲಿ ಒಂದು ಗಾರ್ಡನ್ ಬಾರ್ ಅಂಡ್ ರೆಸ್ಟೋರೆಂಟ್ ಐತೆ. ಪ್ರತಿ ಶನಿವಾರ ಸಂಜೆ 7ರಿಂದ 10ರವರೆಗೆ ಹಳೆ ಕಾಲದ ಜಾಝ್ ಬಾರಿಸ್ರಿ ಅಂತ ಅಲ್ಲಿನ ಮಾಲೀಕರು ಕೇಳ್ಯಾರೆ. ಇಂಗ್ಲೆಂಡಿನ ಹಳ್ಳಿ ಪಬ್‌ಗಳಲ್ಲಿ ಟ್ರಂಪೆಟ್, ಕ್ಲಾರಿಯೋನೆಟ್, ಬ್ಯಾಂಜೊ ಹಿಡ್ಕೊಂಡು ನಗ್ತಾ ನಗಿಸ್ತಾ ಬಾರಿಸ್ತಾರಲ್ಲ, ಅಂಥದ್ದು. ಜನ ಊಟ ಮಾಡ್ತಾ ಮಾತಾಡ್ತಾ ಕೇಳ್ಬೇಕು, ಮಕ್ಕಳು ಎದ್ದು ಕುಣೀಬೇಕು.

ನಮ್ಮದು ಮದುವೆ ಬ್ಯಾಂಡ್ ಸೆಟ್. ಇದಕ್ಕೆ ಅಂತ ಏಳು ಜನರನ್ನ ಆರಿಸಿದ್ದೀವಿ: ಟ್ರಂಪೆಟ್ ಇಬ್ಬರು, ಕ್ಲಾರಿಯೋನೆಟ್, ಯುಫೋನಿಯಂ (ಗಡಸು ದನಿಯ ದಪ್ಪ ಹಿತ್ತಾಳೆ ವಾದ್ಯ), ಕೀಬೋರ್ಡ್, ಸೈಡ್ ಡ್ರಮ್, ಬೇಸ್ ಡ್ರಮ್ ಒಬ್ಬೊಬ್ಬರು. ಟ್ರೋಂಬೋನ್ ಇಲ್ಲ, ಬ್ಯಾಂಜೊ ಇಲ್ಲ. ಸೂಸಾಫೋನ್ (ಮೈಗೆ ಸುತ್ತಿ ಹೊರೋ ದೊಡ್ಡ ಮಂದ್ರದ ವಾದ್ಯ) ಐತೆ, ಆದ್ರೆ ನಳಿಕೆ ತೂತು ಬಿದ್ದು ಈಗ ಶೋಗೆ ಮಾತ್ರ. ಕ್ಲಾರಿಯೋನೆಟ್ ಮತ್ತೆ ಕೀಬೋರ್ಡ್‌ನವರಿಗೆ ಸ್ಟಾಫ್ ನೊಟೇಶನ್ (ಐದು ಗೆರೆ ಮೇಲೆ ಬರೆಯೋ ಪಾಶ್ಚಾತ್ಯ ಸ್ವರಲಿಪಿ) ಬರ್ತೈತೆ, ಉಳಿದವರದ್ದು ಸರಿಗಮ. ಆಷಾಢದಲ್ಲಿ ಮುಹೂರ್ತ ಇರೋಲ್ಲ, ಪ್ರಾಕ್ಟೀಸಿಗೆ ಆ ತಿಂಗಳು ಪೂರ್ತಿ ಸಿಗ್ತೈತೆ.

ಯಾರು ಏನು ಬಾರಿಸ್ಬೇಕು? ಕೀಬೋರ್ಡಿನವರು ನೆಟ್ಟಿಂದ ತೆಗೆದ ಶೀಟ್ ನೋಡಿ ಬಾರಿಸಿದ್ರೆ, ಅದೇ ಶೀಟಿನ ಸ್ವರ ಟ್ರಂಪೆಟ್‌ನಲ್ಲಿ ಬೇರೆನೇ ಕೇಳ್ತೈತೆ, ಯಾಕೆ? ಒಂದು ಸಂಜೆಗೆ ಎಷ್ಟು ಹಾಡು ಬೇಕು? ಪರ್ಮಿಷನ್, ಹಣ ಹಂಚಿಕೆ ಇವೆಲ್ಲ ಹೆಂಗೆ? ಗೊತ್ತಿರೋರು ಬಿಡಿಸಿ ಹೇಳ್ರಿ.

ಕರಿ_ಐದು (ರಾಯಚೂರು)

ನಿಮ್ಮ ಹತ್ರ ಬೇಕಾದ ವಾದ್ಯ ಮುಕ್ಕಾಲು ಪಾಲು ಅವ. ಬದಲಾಗಬೇಕಾದದ್ದು ಬಾರಿಸೋ ರೀತಿ. ಮೆರವಣಿಗೆಯೊಳಗ ಊದೋರೆಲ್ಲಾ ಒಂದೇ ಧಾಟಿ ಒಟ್ಟಿಗೆ ಊದ್ತಾರ, ಜೋರಾಗಿ. ಹಳೆ ಜಾಝ್‌ದಾಗ ಮೂರು ವಾದ್ಯ ಮೂರು ದಾರಿ ಹಿಡೀತಾವ, ಅದೂ ಅರ್ಧ ದನಿಯೊಳಗ. ಇದೊಂದು ಕೈಗೆ ಹತ್ತಿದ್ರ ಉಳಿದದ್ದೆಲ್ಲಾ ಹಿಂದಿಂದ ಬರ್ತದ. ಇದು ಹತ್ತಲಿಲ್ಲಂದ್ರ ಎಂಥಾ ಹಾಡು ಆರಿಸಿದ್ರೂ ವರನ ಮೆರವಣಿಗೆನೇ ಕೇಳ್ತದ.

ಟ್ರಂಪೆಟ್ ಮೂಲ ಧಾಟಿ ಹಿಡೀಬೇಕು. ಪ್ರತಿ ಸಾಲಿನ ಕೊನಿಗೆ ಒಂದೆರಡು ಮಾತ್ರೆ ಜಾಗ ಬಿಡಬೇಕು, ಆಲಾಪನೆ ತುಂಬಬಾರದು. ಆ ಜಾಗದಾಗ ಕ್ಲಾರಿಯೋನೆಟ್ ಓಡಾಡ್ತದ. ಕ್ಲಾರಿಯೋನೆಟ್ ಯಾವಾಗ್ಲೂ ಟ್ರಂಪೆಟ್‌ಗಿಂತ ಮ್ಯಾಲಿನ ಸ್ಥಾಯಿಯೊಳಗ ಇರಬೇಕು, ಕಾರ್ಡ್‌ನ (ಒಟ್ಟಿಗೆ ಹಿಡಿಯೋ ಸ್ವರಗಳ ಗುಂಪಿನ) ಸ್ವರ ಬಿಡಿಸಿ ಬಿಡಿಸಿ ಊದಬೇಕು. ಎಲ್ಲಾರೂ ಕೂಡಿ ಬಾರಿಸೋವಾಗ ಕೆಳಗ ಇಳಿದ್ರ ಟ್ರಂಪೆಟ್ ದನಿಯೊಳಗ ಮುಳುಗಿ ಕೆಸರಾಗ್ತದ. ಯುಫೋನಿಯಂನವರಿಗೆ ಟ್ರೋಂಬೋನ್ ಕೆಲಸ ಕೊಡ್ರಿ: ಉದ್ದ ಸ್ವರ, ಕಾರ್ಡ್ ಬದಲಾಗೋ ಜಾಗದಾಗ ಹಿಂದಿನ ಆವರ್ತದ ಕೊನೆ ಎರಡು ಮಾತ್ರೆಯೊಳಗ ಮುಂದಿನ ಸ್ವರಕ್ಕ ಜಾರಿಕೊಂಡು ಹೋಗೋದು. ಟ್ರೋಂಬೋನ್‌ನಂಥ ಜಾರೋ ಸ್ಲೈಡ್ ಇಲ್ಲದಿದ್ರೂ ವಾಲ್ವ್ (ಬೆರಳಿಲೆ ಒತ್ತೋ ಪಿಸ್ಟನ್) ಅರ್ಧ ಒತ್ತಿ ಹಿಡಿದು ತುಟಿಯಿಂದ ಎಳೆದ್ರ ಆ ಜಾರು ಅರ್ಧಕ್ಕರ್ಧ ಬರ್ತದ.

ಇಬ್ಬರು ಟ್ರಂಪೆಟ್ ಅಂದ್ರ ಕೆಟ್ಟದ್ದಲ್ಲ. 1923ರಾಗ ಶಿಕಾಗೋದ ಕಿಂಗ್ ಆಲಿವರ್ ಬ್ಯಾಂಡ್ ರೆಕಾರ್ಡ್ ಮಾಡಿದಾಗ ಎರಡು ಕಾರ್ನೆಟ್ (ಟ್ರಂಪೆಟ್‌ನಂಥದ್ದೇ ಗಿಡ್ಡ ವಾದ್ಯ) ಇದ್ವು, ಎರಡನೇದು ಲೂಯಿ ಆರ್ಮ್‌ಸ್ಟ್ರಾಂಗ್ ಅವರದ್ದು. ಆದ್ರ ಸುರುವಿಗೆ ಇಬ್ಬರೂ ಒಟ್ಟಿಗೆ ಊದಬ್ಯಾಡ್ರಿ. ಒಂದು ಹಾಡು ಒಬ್ಬರು, ಮುಂದಿನದು ಇನ್ನೊಬ್ಬರು. ತುಟಿಗೂ ವಿಶ್ರಾಂತಿ. ಕೊನೆ ಸುತ್ತಿನೊಳಗ ಮಾತ್ರ ಎರಡನೇಯವರು ಮೂರು ಸ್ವರ ಕೆಳಗಿನ ಜೊತೆಧಾಟಿ ಹಿಡೀಲಿ.

ಈಗ ಸ್ವರ ಕೂಡದೇ ಇರೋ ವಿಷಯ. ಟ್ರಂಪೆಟ್, ಕ್ಲಾರಿಯೋನೆಟ್ ಎರಡೂ ಬಿ-ಫ್ಲ್ಯಾಟ್ ವಾದ್ಯ. ಶೀಟಿನ ಮ್ಯಾಲ ಸಿ ಅಂತ ಇದ್ದದ್ದು ಊದಿದ್ರ ಹೊರಗ ಬರೋದು ಬಿ-ಫ್ಲ್ಯಾಟ್, ಅಂದ್ರ ಪೇಟಿಯ (ಹಾರ್ಮೋನಿಯಂನ) ಐದನೇ ಕರಿ ಮನೆ, ಕರಿ ಐದು. ಕೀಬೋರ್ಡ್‌ನವರು ಅದೇ ಶೀಟ್ ನೋಡಿ ಸಿ ಒತ್ತಿದ್ರ ಬಿಳಿ ಒಂದೇ ಬರ್ತದ. ಒಂದು ಪೂರ್ತಿ ಸ್ವರದ ಅಂತರ. ಸುಲಭ ದಾರಿ ಏನಂದ್ರ, ಎಲ್ಲಾರಿಗೂ ಸಿ ಶ್ರುತಿಯೊಳಗ ಬರೆದ ಒಂದೇ ಶೀಟ್ ಕೊಟ್ಟು ಕೀಬೋರ್ಡಿನ ಟ್ರಾನ್ಸ್‌ಪೋಸ್ (ಎಲ್ಲಾ ಸ್ವರ ಒಟ್ಟಿಗೆ ಮ್ಯಾಲ-ಕೆಳಗ ಸರಿಸೋ ಗುಂಡಿ) ಮೈನಸ್ 2ಕ್ಕ ಇಡ್ರಿ. ಯುಫೋನಿಯಂನವರು ಟ್ರೆಬಲ್ ಕ್ಲೆಫ್ ಪದ್ಧತಿ (ಟ್ರಂಪೆಟ್‌ನಂಗೇ ಶೀಟ್ ಓದೋದು) ಕಲಿತವರಾದ್ರ ಅವರದ್ದೂ ಅದೇ ಶೀಟ್. ಮುಂದ ಆಲ್ಟೊ ಸ್ಯಾಕ್ಸೊಫೋನ್ ಸೇರಿದ್ರ ಅದು ಇ-ಫ್ಲ್ಯಾಟ್, ಆ ಶೀಟನ್ನ ಜಿಯೊಳಗ ಬೇರೆ ಬರೀಬೇಕು. ಒಂದು ಎಚ್ಚರ: ಕೀಬೋರ್ಡ್ ಆಫ್ ಮಾಡಿ ಹಚ್ಚಿದ್ರ ಬಹಳಷ್ಟು ಮಾಡೆಲ್‌ಗಳೊಳಗ ಟ್ರಾನ್ಸ್‌ಪೋಸ್ ಸೊನ್ನೆಗೆ ಬಂದುಬಿಡ್ತದ. ಕರೆಂಟ್ ಹೋಗಿ ಬಂದ ಕೂಡ್ಲೇ ಮೊದಲು ಅದನ್ನ ನೋಡ್ಕೋಬೇಕು.

ಸರಿಗಮದವರಿಗೆ 12 ಆವರ್ತದ ಬ್ಲೂಸ್ (ಜಾಝ್‌ದಾಗ ಮತ್ತ ಮತ್ತ ಬರೋ ಕಾರ್ಡ್‌ಗಳ ಚೌಕಟ್ಟು) ಹಿಂಗ ಬರೆದು ಕೊಡ್ರಿ. ನಾಲ್ಕು ಮಾತ್ರೆಗೆ ಒಂದು ಆವರ್ತ, ಕರಿ ಐದು ಅಂದ್ರ ಸ:

ಸ | ಸ | ಸ | ಸ
ಮ | ಮ | ಸ | ಸ
ಪ | ಮ | ಸ | ಪ

ಸ ಬಂದಲ್ಲಿ ಸ-ಗ-ಪ ಜೊತೆ ಕೋಮಲ ನಿ. ಮ ಬಂದಲ್ಲಿ ಮ-ಧ-ಸ ಜೊತೆ ಕೋಮಲ ಗ. ಪ ಬಂದಲ್ಲಿ ಪ-ನಿ-ರಿ-ಮ. ಕೊನೆಯ ಪ ಮುಂದಿನ ಸುತ್ತಿಗೆ ಕರೆಯೋದು, ಹಾಡು ಮುಗಿಸೋವಾಗ ಅಲ್ಲಿ ಸ. ಇದರೊಳಗ ಎರಡೂ ಗಾಂಧಾರ ಬರ್ತಾವ, ಜೋಗ್ ರಾಗ ಗೊತ್ತಿದ್ದವರಿಗೆ ಕಿವಿಗೆ ಹೊಸದು ಅನಸಂಗಿಲ್ಲ. ಆದ್ರ ಜೋಗ್ ಚಲನ ಇಲ್ಲಿ ತರಬ್ಯಾಡ್ರಿ. ಇಲ್ಲಿ ಕೋಮಲ ಗ ಶುದ್ಧ ಗದ ಕಡೆ ಜಗ್ಗಿ ತೋರಿಸೋದೇ ರುಚಿ. ಈ ಒಂದು ಚೌಕಟ್ಟು ಬಾಯಿಪಾಠ ಆದ್ರ ಆರೇಳು ಹಾಡಿಗೆ ಸಾಕು.

ತಕಿಟ (ಕೊಪ್ಪಳ)

ಡ್ರಮ್ ಬಗ್ಗೆ ನಾ ಹೇಳ್ತೀನಿ. ಡ್ರಮ್ ಕಿಟ್ ಕೊಳ್ಳಾಕ ಹೋಗಬ್ಯಾಡ್ರಿ. ನ್ಯೂ ಆರ್ಲಿಯನ್ಸ್‌ನ ಬೀದಿ ಬ್ಯಾಂಡ್‌ಗಳಾಗ ಇವತ್ತಿಗೂ ಸೈಡ್ ಡ್ರಮ್ ಒಬ್ಬರು, ಬೇಸ್ ಡ್ರಮ್ ಒಬ್ಬರು. ಬೇಸ್ ಡ್ರಮ್ ನೆತ್ತಿ ಮ್ಯಾಲೆ ಸಣ್ಣ ಸಿಂಬಲ್ ಕೂರಿಸಿ, ಒಂದು ಕೈಲಿ ಗುದ್ದು, ಇನ್ನೊಂದು ಕೈಲಿ ಬಟ್ಟೆ ನೇತುಹಾಕೋ ತಂತಿ ಹ್ಯಾಂಗರ್ ಬಗ್ಗಿಸಿ ಅದರಿಂದ ಸಿಂಬಲ್ ಹೊಡೀತಾರ. ನಿಮ್ಮ ಸೆಟ್ಟಿಗೆ ಹೇಳಿ ಮಾಡಿಸಿದಂಗ ಐತಿ.

ಬೇಸ್ ಡ್ರಮ್ 1 ಮತ್ತು 3ನೇ ಮಾತ್ರೆಗೆ, ಮೆತ್ತಗ. ಸಿಂಬಲ್, ಸೈಡ್ ಡ್ರಮ್ ಒತ್ತು 2 ಮತ್ತು 4ಕ್ಕ. ನಮ್ಮ ಮಂದಿ ಸೋಲೋದು ಇಲ್ಲೇ: ಮೆರವಣಿಗಿ ಕೈ 1ಕ್ಕ ಗುದ್ದಿ ಗುದ್ದಿ ರೂಢಿ ಆಗಿರತೈತಿ. ಬರೀ ಕೈಯಿಂದ 2-4ಕ್ಕ ಚಪ್ಪಾಳೆ ಹಾಕ್ತ ಬಾಯಿಲೆ ಧಾಟಿ ಗುನುಗೋದು ದಿನಾ ಹತ್ತು ನಿಮಿಷ ಮಾಡ್ರಿ, ಕೋಲು ಹಿಡಿಯೋದು ಆಮ್ಯಾಲೆ.

ಎರಡನೇದು ನಡೆ. ಅರ್ಧ ಮಾತ್ರೆಗಳು ಸಮ ಸಮ ಬಂದ್ರ ಅದು ಮಾರ್ಚ್ ಆಗತೈತಿ. ತಿಶ್ರ ನಡೆಯಾಗ ತಕಿಟ ತಕಿಟ ಅಂತ ಹೇಳ್ಕೊಂಡು, ಕಿ ನುಂಗಿ ತ ಮತ್ತು ಟ ಮಾತ್ರ ಬಾರಿಸ್ರಿ. ಅದೇ ಸ್ವಿಂಗ್. ಲಯ ನಿಮಿಷಕ್ಕ 200 ಮಾತ್ರೆ ದಾಟಿದ ಮ್ಯಾಲೆ ಈ ಅಂತರ ತಾನಾಗೇ ಕಮ್ಮಿ ಆಗಿ ಸಮದ ಕಡೆ ಬರತೈತಿ, ಅಲ್ಲಿ ಜುಲುಮೆ ಮಾಡಬಾರದು. ಊಟದ ಹೊತ್ತಿಗೆ 140ರಿಂದ 170 ಬೆಸ್ಟ್. ನಿಧಾನ ಬ್ಲೂಸ್‌ಗೆ 80-100. ಕುಣಿಯೋ ಹಾಡು ಎರಡೋ ಮೂರೋ 200ಕ್ಕ ಇರಲಿ. ಪ್ರತಿ ಹಾಡು ಸುರು ಆದಾಗ, ಮುಗಿದಾಗ ಮೊಬೈಲಿನ ಮೆಟ್ರೊನೋಮ್‌ನಾಗ ಲಯ ನೋಡ್ರಿ. 150ಕ್ಕ ಎತ್ತಿದ್ದು 175ಕ್ಕ ಮುಗೀತು ಅಂದ್ರ ತಪ್ಪು ಸೈಡ್ ಡ್ರಮ್ ಕಡೆ ಇರತೈತಿ, ಬಹಳ ಸಲ.

ಕ್ಲಾರಿಯೋನೆಟ್ ಒಂಟಿಯಾಗಿ ಬಾರಿಸೋವಾಗ ಸೈಡ್ ಡ್ರಮ್ ನಿಲ್ಲಿಸಿ ಮರದ ಬ್ಲಾಕ್ ಅಥವಾ ಡ್ರಮ್ಮಿನ ಕಟ್ಟಿಗಿ ಅಂಚು ಬಡೀರಿ. ಬೇಸ್ ಡ್ರಮ್ ಒಳಗ ಒಂದು ಟವೆಲ್ ಚರ್ಮಕ್ಕ ತಾಗಿಸಿ ಇಟ್ರ ಗುಂಯ್ ಅನ್ನೋದು ನಿಲ್ಲತೈತಿ. ಕೆಳಗ ಜಮಖಾನೆ ಹಾಸೋದು ಮರೀಬ್ಯಾಡ್ರಿ, ಗ್ರಾನೈಟ್ ನೆಲದ ಮ್ಯಾಲೆ ಡ್ರಮ್ ಇಟ್ರ ಸ್ಟ್ಯಾಂಡೂ ಜಾರತೈತಿ, ದನಿಯೂ ಸಿಡೀತೈತಿ.

ಗಂಗಾವತಿ_ಕ್ಲಾರಿಯೋನೆಟ್

ಕರಿ ಐದು ಅಣ್ಣಾವ್ರು ಬರೆದದ್ದರಲ್ಲಿ ಒಂದು ಬಿಟ್ಟು ಎಲ್ಲ ಒಪ್ಪುತ್ತೇನೆ. ಯುಫೋನಿಯಂ ಟ್ರೋಂಬೋನ್ ಕೆಲಸಕ್ಕೆ ಹೋದರೆ ತಳಕ್ಕೆ ಯಾರು? ತೆರೆದ ಜಾಗದಲ್ಲಿ ಕೀಬೋರ್ಡಿನ ಎಡಗೈ ಒಂದೇ ಸಾಲುವುದಿಲ್ಲ, ಸ್ಪೀಕರ್ ಸಣ್ಣದಿದ್ದರಂತೂ ಮಂದ್ರದ ಸ್ವರ ಹತ್ತು ಅಡಿ ದಾಟುವುದಿಲ್ಲ. ಸೂಸಾಫೋನ್ ರಿಪೇರಿ ಮಾಡಿಸಿ ಅಂತಲೇ ನನ್ನ ಸಲಹೆ. ನಳಿಕೆಯ ತೂತಿಗೆ ಹಿತ್ತಾಳೆ ತೇಪೆ ಬೆಸುಗೆ ಹಾಕಿಸುವುದು ದೊಡ್ಡ ಕೆಲಸವಲ್ಲ. ಅದರಲ್ಲಿ ಬಾರಿಸಬೇಕಾದದ್ದು ಇಷ್ಟೇ: 1ನೇ ಮಾತ್ರೆಗೆ ಕಾರ್ಡ್‌ನ ಮೂಲ ಸ್ವರ, 3ನೇ ಮಾತ್ರೆಗೆ ಅದರ ಪಂಚಮ. ಒಂದೊಂದೂ ಚಿಕ್ಕದಾಗಿ, ಪಕ್ಕದ ಸ್ವರಕ್ಕೆ ಅಂಟದಂತೆ. ಎರಡನೇ ಟ್ರಂಪೆಟ್‌ನವರು ಇದನ್ನು ಕಲಿತರೆ ಏಳೇ ಜನ ಉಳಿಯುತ್ತೀರಿ. ಮೌತ್‌ಪೀಸ್ ದೊಡ್ಡದು, ತುಟಿ ಸಡಿಲ ಬಿಡುವುದಕ್ಕೆ ಒಂದು ತಿಂಗಳು ಬೇಕಾಗಬಹುದು. ಹಾಗೆ ಮಾಡಿದರೆ ಟ್ರಂಪೆಟ್ ಒಬ್ಬರೇ ಆಗುತ್ತಾರೆ, ಆಗ ಪ್ರತಿ ಹಾಡಿನಲ್ಲೂ ನಡುವೆ ಅವರಿಗೆ ಬಿಡುವು ಸಿಗುವಂತೆ ಜೋಡಿಸಬೇಕು.

ಬ್ಯಾಂಜೊ ಕುರಿತು ಎಚ್ಚರಿಕೆ. ನಮ್ಮ ಕಡೆ ಅಂಗಡಿಯಲ್ಲಿ ಬ್ಯಾಂಜೊ ಕೇಳಿದರೆ ಟೈಪ್‌ರೈಟರ್‌ನಂತೆ ಕೀಲಿ ಇರುವ ಬುಲ್‌ಬುಲ್ ತರಂಗ್ ಕೊಡುತ್ತಾರೆ. ಅದು ಧಾಟಿ ಬಾರಿಸುವ ವಾದ್ಯ, ಈ ಕೆಲಸಕ್ಕೆ ಬರುವುದಿಲ್ಲ. ಬೇಕಾದದ್ದು ಚರ್ಮದ ಮುಖದ ನಾಲ್ಕು ತಂತಿಯ ಟೆನರ್ ಬ್ಯಾಂಜೊ, ಸಿ-ಜಿ-ಡಿ-ಎ ಶ್ರುತಿ. ಮ್ಯಾಂಡೊಲಿನ್ ಬಾರಿಸುವವರಿದ್ದರೆ ಬೆರಳಿನ ಆಕಾರಗಳೆಲ್ಲ ಅವೇ, ಒಂದು ಪಂಚಮ ಕೆಳಗೆ ಅಷ್ಟೇ. ಸಿಗದಿದ್ದರೆ ಸ್ಟೀಲ್ ತಂತಿಯ ಗಿಟಾರ್ ಸಾಕು. ಮೂರನೇ ಫ್ರೆಟ್‌ಗೆ ಕೇಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಜಿ ಆಕಾರ ಹಿಡಿದರೆ ಕರಿ ಐದು ಬರುತ್ತದೆ. ಆವರ್ತಕ್ಕೆ ನಾಲ್ಕು ಏಟು, ನಾಲ್ಕೂ ಕೆಳಮುಖವಾಗಿ. ಪ್ರತಿ ಏಟಿನ ನಂತರ ಎಡಗೈ ಬೆರಳು ತುಸು ಸಡಿಲಿಸಿ ದನಿ ಕತ್ತರಿಸಬೇಕು. ಗಿಟಾರ್ ಗುಂಗು ಬಿಟ್ಟರೆ ಕ್ಲಾರಿಯೋನೆಟ್‌ನ ಕೆಳಗಿನ ಸ್ಥಾಯಿ ಪೂರ್ತಿ ಮುಚ್ಚಿಹೋಗುತ್ತದೆ.

ಕರಿ_ಐದು (ರಾಯಚೂರು)

ಸೂಸಾಫೋನ್ ರಿಪೇರಿ ಆದ್ರ ಭಾಳ ಚಲೋ, ನನ್ನ ತಕರಾರಿಲ್ಲ. ಆದ್ರ ಅದು ಆಗೋತನಕ ಕಾಯಬೇಕಿಲ್ಲ. ಜಾಝ್‌ನ ಮೊದಲ ರೆಕಾರ್ಡ್ 1917ರಾಗ ಬಂತಲ್ಲ, ಅದರಾಗ ಇದ್ದದ್ದು ಐದೇ ಜನ: ಕಾರ್ನೆಟ್, ಕ್ಲಾರಿಯೋನೆಟ್, ಟ್ರೋಂಬೋನ್, ಪಿಯಾನೊ, ಡ್ರಮ್. ಬೇಸ್ ವಾದ್ಯನೇ ಇರ್ಲಿಲ್ಲ. ಪಿಯಾನೊ ಎಡಗೈ, ಟ್ರೋಂಬೋನ್ ಸೇರಿ ತಳ ಹಿಡಿದ್ವು. ಎಂಟು ವಾರ ಹಂಗ ನಡೆಸ್ರಿ.

ಗಣಿನಾಡು_ಬ್ಯಾಂಡ್ (ಬಳ್ಳಾರಿ)

ಎಲ್ಲರಿಗೂ ಭಾಳ ಥ್ಯಾಂಕ್ಸ್. ಟ್ರಾನ್ಸ್‌ಪೋಸ್ ಮೈನಸ್ 2 ಇಟ್ಟ ಕೂಡ್ಲೆ ಟ್ರಂಪೆಟ್, ಕ್ಲಾರಿಯೋನೆಟ್, ಕೀಬೋರ್ಡ್ ಮೂರೂ ಕೂಡಿದ್ವು. ಯುಫೋನಿಯಂ ಮಾತ್ರ ಇನ್ನೂ ಮೇಲೆ ಕೇಳ್ತೈತೆ. ಟ್ಯೂನರ್ ಆ್ಯಪ್‌ನಲ್ಲಿ ಎಲ್ಲಾ ಸ್ವರನೂ ಸುಮಾರು 45 ಸೆಂಟ್ (ಅರ್ಧಸ್ವರ ಅಂದ್ರೆ 100 ಸೆಂಟ್) ಮೇಲೆ ತೋರಿಸ್ತೈತೆ. ಹಳೆ ವಾದ್ಯ. ಊದೋ ತಪ್ಪಾ, ವಾದ್ಯದ ತಪ್ಪಾ? ಇನ್ನೊಂದು, ಟ್ರಂಪೆಟ್ ಪಿಸ್ಟನ್‌ಗಳು ಒತ್ತಿದ್ದು ಮೇಲೆ ಬರೋದು ತಡ ಆಗ್ತೈತೆ.

ಪಿಸ್ಟನ್_ರಿಪೇರಿ (ಬಳ್ಳಾರಿ)

ಎಲ್ಲಾ ಸ್ವರ ಒಂದೇ ಸಮ ಮೇಲಿದ್ದರೆ ಅದು ವಾದ್ಯದ್ದೇ. ನಿಮ್ಮದು ಹೈ ಪಿಚ್ ವಾದ್ಯ ಇರಬೇಕು. ಬ್ರಿಟನ್ನಿನ ಬ್ರಾಸ್ ಬ್ಯಾಂಡ್‌ಗಳು 1960ರ ದಶಕದವರೆಗೂ ಎ ಸ್ವರವನ್ನು 452 ಹರ್ಟ್ಜ್ ಆಸುಪಾಸಿನಲ್ಲಿ ಇಟ್ಟುಕೊಂಡಿದ್ದವು, ಉಳಿದ ಲೋಕ 440. ಎರಡರ ನಡುವಿನ ಅಂತರ ಸರಿಸುಮಾರು ಅರ್ಧಸ್ವರದ ಅರ್ಧ, ಅಂದರೆ 50 ಸೆಂಟ್ ಹತ್ತಿರ. ನಿಮ್ಮ ಟ್ಯೂನರ್ ತೋರಿಸಿದ್ದೂ ಅದನ್ನೇ.

ಯುಫೋನಿಯಂನ ನಳಿಕೆ ಬಿಚ್ಚಿ ಅಳೆದರೆ ಸುಮಾರು 2.7 ಮೀಟರ್. 45 ಸೆಂಟ್ ಇಳಿಸಲು ಅದಕ್ಕೆ ಹೆಚ್ಚುಕಮ್ಮಿ 7 ಸೆಂ.ಮೀ. ಸೇರಬೇಕು. ಶ್ರುತಿಗಾಗಿ ಹೊರಗೆಳೆಯುವ ನಳಿಕೆ, ಅಂದರೆ ಸ್ಲೈಡ್, ಎರಡು ಕಾಲಿನದಾದ್ದರಿಂದ ಮುಖ್ಯ ಸ್ಲೈಡ್ 3.5 ಸೆಂ.ಮೀ. ಹೊರಗೆಳೆಯಿರಿ. ಇಷ್ಟಕ್ಕೇ ನಿಲ್ಲಿಸಿದರೆ ವಾಲ್ವ್ ಒತ್ತದ ಸ್ವರ ಸರಿಯಾಗುತ್ತದೆ, ಒತ್ತಿದವು ಮೇಲೇ ಉಳಿಯುತ್ತವೆ. 1ನೇ ವಾಲ್ವ್ ಸ್ಲೈಡ್ 4 ಮಿ.ಮೀ., 2ನೇದು 2 ಮಿ.ಮೀ., 3ನೇದು 6-7 ಮಿ.ಮೀ. ಕೂಡ ಎಳೆಯಬೇಕು. ಮುಖ್ಯ ಸ್ಲೈಡ್‌ನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಕಾಲುಗಳಿಗೆ ಹಿತ್ತಾಳೆ ತುಂಡು ಸೇರಿಸಿ ಬೆಸೆಯಬೇಕು, ಅದು ವಾದ್ಯ ರಿಪೇರಿಯವರ ಕೆಲಸ. ರೇಡಿಯೇಟರ್ ಬೆಸೆಯುವವರ ಹತ್ತಿರ ಒಯ್ಯಬೇಡಿ, ಉರಿ ಜಾಸ್ತಿಯಾದರೆ ಪಕ್ಕದ ಕೀಲುಗಳೂ ಬಿಡುತ್ತವೆ.

ಟ್ರಂಪೆಟ್‌ಗೆ ಇದೇ ಲೆಕ್ಕ ಬೇಸಿಗೆಯಲ್ಲಿ ಬೇಕಾಗುತ್ತದೆ. ಗಾಳಿ ಕಾದಂತೆ ಶ್ರುತಿ ಏರುತ್ತದೆ, ಏಪ್ರಿಲ್-ಮೇ ಸಂಜೆ 7ಕ್ಕೂ ಇಲ್ಲಿ ಕಾವು ಇಳಿದಿರುವುದಿಲ್ಲ. ಸ್ಲೈಡ್ 1 ಸೆಂ.ಮೀ. ಎಳೆದರೆ ಸುಮಾರು 20-25 ಸೆಂಟ್ ಇಳಿಯುತ್ತದೆ. ಕ್ಲಾರಿಯೋನೆಟ್‌ನ ಬ್ಯಾರೆಲ್ (ಮೌತ್‌ಪೀಸ್ ಕೆಳಗಿನ ಗಿಡ್ಡ ತುಂಡು) 1-2 ಮಿ.ಮೀ.ಗಿಂತ ಹೆಚ್ಚು ಎಳೆಯಬೇಡಿ, ನಡುಸ್ಥಾಯಿಯ ಸ್ವರಗಳು ಉಳಿದವುಗಳಿಗಿಂತ ಜಾಸ್ತಿ ಕುಸಿಯುತ್ತವೆ. ಅದಕ್ಕಿಂತ ಕೀಬೋರ್ಡಿನ ಟ್ಯೂನಿಂಗನ್ನೇ 442 ಅಥವಾ 443ಕ್ಕೆ ಏರಿಸುವುದು ವಾಸಿ. ಎಲ್ಲರೂ ಹತ್ತು ನಿಮಿಷ ಊದಿ ವಾದ್ಯ ಬಿಸಿಯಾದ ಮೇಲೆ ಮಾತ್ರ ಶ್ರುತಿ ನೋಡಿ.

ಪಿಸ್ಟನ್ ತಡವಾಗುವುದಕ್ಕೆ ನಿಮ್ಮ ಜಾಗದಲ್ಲಿ ಮೊದಲ ಅನುಮಾನ ಅದಿರಿನ ಕೆಂಪು ಧೂಳು. ಲಾರಿ ಓಡಾಡುವ ರಸ್ತೆ ಪಕ್ಕ ಕೇಸ್ ತೆರೆದಿಟ್ಟರೆ ಸಾಕು. ಪಿಸ್ಟನ್‌ಗೂ ಕವಚಕ್ಕೂ ನಡುವಿನ ಸಂದು ಕೂದಲೆಳೆಗಿಂತ ಕಿರಿದು, ಅದರಲ್ಲಿ ಕಬ್ಬಿಣದ ಧೂಳು ಸೇರಿದರೆ ಉಜ್ಜುಕಾಗದ ಎಳೆದ ಹಾಗೆ ಗೀರು ಬೀಳುತ್ತದೆ. ಗೀರು ಬಿದ್ದ ಪಿಸ್ಟನ್‌ನಲ್ಲಿ ಗಾಳಿ ಸೋರಿ ದನಿ ಬಡವಾಗುತ್ತದೆ, ಅದನ್ನು ಎಣ್ಣೆ ಸರಿಮಾಡುವುದಿಲ್ಲ.

ತೊಳೆಯುವ ಕ್ರಮ ಹೇಳುತ್ತೇನೆ. ಮೂರೂ ಪಿಸ್ಟನ್ ತೆಗೆದು, ಮೇಲೆ ಕೆತ್ತಿರುವ 1, 2, 3 ಅಂಕಿ ನೋಡಿ ಸಾಲಾಗಿ ಇಡಿ. ಸ್ಲೈಡ್‌ಗಳನ್ನೂ ಬಿಚ್ಚಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ, ವಾದ್ಯ 15 ನಿಮಿಷ ಮುಳುಗಿಸಿ. ನೀರು ಕುದಿಯಬಾರದು, ಪಾಲಿಶ್ ಏಳುತ್ತದೆ. ಪಿಸ್ಟನ್‌ಗಳ ಫೆಲ್ಟ್ ನೆನೆಯದಂತೆ ಕೆಳಭಾಗ ಮಾತ್ರ ತೊಳೆಯಿರಿ. ಹಳೆ ಹತ್ತಿ ಬಟ್ಟೆಯಿಂದ ಒರೆಸಿ, ನೂಲು ಉಳಿಯಬಾರದು. ಒಂದೊಂದು ಪಿಸ್ಟನ್‌ಗೂ ವಾಲ್ವ್ ಆಯಿಲ್ 4-5 ಹನಿ. ಕೊಬ್ಬರಿ ಎಣ್ಣೆ ಬಳಸುವವರಿದ್ದಾರೆ, ದಯವಿಟ್ಟು ಬೇಡ. ಚಳಿಗಾಲದ ಬೆಳಿಗ್ಗೆ ಅದು ಹೆಪ್ಪುಗಟ್ಟುತ್ತದೆ, ಧೂಳನ್ನೂ ಹಿಡಿದಿಡುತ್ತದೆ. ಸ್ಲೈಡ್‌ಗಳಿಗೆ ವ್ಯಾಸಲೀನ್ ನಡೆಯುತ್ತದೆ. ಜೋಡಿಸಿದ ಮೇಲೆ ಊದಿದರೆ ಗಾಳಿಯೇ ಹೋಗುತ್ತಿಲ್ಲ ಅಂದರೆ ಪಿಸ್ಟನ್ ಅದಲುಬದಲಾಗಿದೆ ಅಥವಾ ತಿರುಗಿ ಕೂತಿದೆ, ಕಚ್ಚಿಗೆ ಸಿಕ್ಕಿ ಟಕ್ ಅನ್ನುವವರೆಗೆ ತಿರುಗಿಸಿ. ತಿಂಗಳಿಗೊಮ್ಮೆ ಇಷ್ಟು ಮಾಡಿ. ಬಾರಿಸುವ ನಡುವಿನ ಬಿಡುವಿನಲ್ಲಿ ವಾದ್ಯದ ಮೇಲೆ ಬಟ್ಟೆ ಮುಚ್ಚಿ.

ಮರದ ಕ್ಲಾರಿಯೋನೆಟ್ ಆಗಿದ್ದರೆ ಅದನ್ನು ಎಂದಿಗೂ ನೀರಿಗೆ ಹಾಕಬೇಡಿ. ಒಳಗೆ ಉಸಿರಿನ ತೇವ, ಹೊರಗೆ ಬೇಸಿಗೆಯ ಒಣಗಾಳಿ, ಮರ ಸೀಳುವುದು ಹೀಗೆಯೇ. ಪ್ರತಿ ಬಿಡುವಿನಲ್ಲೂ ಒಳಗೆ ಬಟ್ಟೆ ಎಳೆದು ಒರೆಸಿ. ಹೊರಗಡೆ ಬಾರಿಸುವುದಕ್ಕೆ ಪ್ಲಾಸ್ಟಿಕ್ಕಿನದು ನಿಶ್ಚಿಂತೆ. ರೀಡ್ (ಮೌತ್‌ಪೀಸಿಗೆ ಕಟ್ಟುವ ತೆಳು ಪಟ್ಟಿ) 2 ಅಥವಾ 2½ ನಂಬರ್ ಸಾಕು, ಮೂರ್ನಾಲ್ಕು ಇಟ್ಟುಕೊಂಡು ಸರದಿಯಲ್ಲಿ ಬಳಸಿ. ತುದಿ ಅಲೆಅಲೆಯಾಗಿದ್ದರೆ ಒಣಗಿದೆ ಅಂತ, ಎರಡು ನಿಮಿಷ ನೀರಲ್ಲಿಟ್ಟು ಚಪ್ಪಟೆ ಗಾಜಿನ ಮೇಲೆ ಒತ್ತಿ.

ಕಾನೂನು_ಕಡತ (ಬಳ್ಳಾರಿ)

ಪರ್ಮಿಷನ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮದುವೆಯಲ್ಲಿ ನಡೆಯುವುದು ರೆಸ್ಟೋರೆಂಟಿನಲ್ಲಿ ನಡೆಯುವುದಿಲ್ಲ.

ಹಕ್ಕುಸ್ವಾಮ್ಯ ಕಾಯ್ದೆ 1957ರ ಸೆಕ್ಷನ್ 52(1)(ಝಡ್‌ಎ) ಮದುವೆ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಮಾರಂಭಗಳಲ್ಲಿ ಹಾಡು ನುಡಿಸುವುದಕ್ಕೆ ವಿನಾಯಿತಿ ಕೊಡುತ್ತದೆ. ಅದಕ್ಕೇ ಬ್ಯಾಂಡ್‌ನವರಿಗೆ ಈ ಪ್ರಶ್ನೆ ಬರುವುದಿಲ್ಲ. ಪ್ರತಿ ಶನಿವಾರದ ವ್ಯಾಪಾರಿ ಜಾಗಕ್ಕೆ ಆ ವಿನಾಯಿತಿ ಇಲ್ಲ. ಸಂಗೀತ ಕೃತಿಯ ಹಕ್ಕು ಭಾರತದಲ್ಲಿ ಕರ್ತೃ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಈ ಬಗೆಯ ಹಳೆ ರಚನೆಕಾರರಲ್ಲಿ ಸ್ಕಾಟ್ ಜಾಪ್ಲಿನ್ 1917ರಲ್ಲಿ, ಜೆಲ್ಲಿ ರೋಲ್ ಮಾರ್ಟನ್ 1941ರಲ್ಲಿ, ಡಬ್ಲ್ಯೂ.ಸಿ. ಹ್ಯಾಂಡಿ 1958ರಲ್ಲಿ ತೀರಿಕೊಂಡರು, ಅವರೊಬ್ಬರದೇ ಆದ ರಚನೆಗಳ ಅವಧಿ ಮುಗಿದಿದೆ. ಜಂಟಿ ರಚನೆಯಾದರೆ ಕೊನೆಗೆ ತೀರಿಕೊಂಡವರ ವರ್ಷ ಹಿಡಿಯಬೇಕು. ಆರ್ಮ್‌ಸ್ಟ್ರಾಂಗ್ ತೀರಿಕೊಂಡದ್ದು 1971ರಲ್ಲಿ, ಅವರ ಸ್ವಂತ ರಚನೆಗಳಿಗೆ 2031ರ ಕೊನೆಯವರೆಗೆ ಹಕ್ಕಿದೆ. ಹಳೆ ಕನ್ನಡ, ಹಿಂದಿ ಚಿತ್ರಗೀತೆ ಸೇರಿಸುವುದಾದರೆ ಐಪಿಆರ್‌ಎಸ್ (ಹಾಡು ಬರೆದವರ, ಸಂಗೀತ ಕೊಟ್ಟವರ ಹಕ್ಕು ನೋಡಿಕೊಳ್ಳುವ ಸಂಸ್ಥೆ) ಲೈಸೆನ್ಸ್ ಬೇಕು. ಅದನ್ನು ತೆಗೆದುಕೊಳ್ಳುವುದು ಮಾಲೀಕರ ಹೊಣೆ ಅಂತ ಮಾತುಕತೆಯಲ್ಲೇ ಬರೆಸಿಕೊಳ್ಳಿ. ಬಿಡುವಿನಲ್ಲಿ ಅವರು ಸ್ಪೀಕರಿನಲ್ಲಿ ಹಾಕುವ ರೆಕಾರ್ಡ್‌ಗಳಿಗೆ ಬೇರೆ ಲೈಸೆನ್ಸ್, ಅದು ನಿಮಗೆ ಸಂಬಂಧವಿಲ್ಲ.

ಶಬ್ದಮಾಲಿನ್ಯ ನಿಯಮಗಳು 2000ರ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಕಡ್ಡಾಯ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕವೂ ಇಲ್ಲ, ವಾದ್ಯವೂ ಇಲ್ಲ. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬೆಲ್, ವಾಣಿಜ್ಯ ಪ್ರದೇಶಕ್ಕೆ 65, ಆಸ್ಪತ್ರೆ-ಶಾಲೆ-ಕೋರ್ಟಿನ 100 ಮೀಟರ್ ಸುತ್ತ 50. ಇಲ್ಲಿ ಹಗಲು ಅಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ಕಾರ್ಯಕ್ರಮ 9:45ಕ್ಕೆ ಮುಗಿಸುವುದು ಕ್ಷೇಮ. 10 ಅಂತ ಹಾಕಿದರೆ ಒನ್ಸ್ ಮೋರ್ ಕೂಗಿಗೆ 10:10 ಆಗುತ್ತದೆ, ದೂರು ಬರುವುದು ಆ ಹತ್ತು ನಿಮಿಷಕ್ಕೇ.

ಹಣದ ಲೆಕ್ಕ: ಏಳು ಜನಕ್ಕೆ ಎಂಟು ಪಾಲು ಮಾಡಿ. ಎಂಟನೇ ಪಾಲು ರೀಡ್, ಎಣ್ಣೆ, ರಿಪೇರಿ, ಗಾಡಿ ಬಾಡಿಗೆಗೆ. ಇಂಗ್ಲೆಂಡಿನ ಪಬ್‌ಗಳಲ್ಲಿ ಕೊನೆಯ ಅವಧಿಗೆ ಮುಂಚೆ ಟೋಪಿಯನ್ನೋ ಜಗ್ಗನ್ನೋ ಮೇಜಿಂದ ಮೇಜಿಗೆ ಕಳಿಸುವ ಪದ್ಧತಿ ಇದೆ. ಇಲ್ಲೂ ಮಾಡಬಹುದು, ಆದರೆ ಅದು ನಿಗದಿತ ಹಣದ ಮೇಲೆ ಬರಬೇಕು, ಅದರ ಬದಲಿಗಲ್ಲ. ಮಳೆ ಬಂದು ರದ್ದಾದರೆ ಎಷ್ಟು, ಎಷ್ಟು ಗಂಟೆಯೊಳಗೆ ತಿಳಿಸಬೇಕು, ರಾತ್ರಿ ಊಟ ಯಾರದ್ದು, ಈ ಮೂರನ್ನು ಚೀಟಿಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಮುಹೂರ್ತದ ಶನಿವಾರಗಳಲ್ಲಿ ಮದುವೆ ಒಪ್ಪಿಕೊಂಡು ಇಲ್ಲಿಗೆ ಅರ್ಧ ಬ್ಯಾಂಡ್ ಕಳಿಸಿದರೆ ಎರಡು ತಿಂಗಳಲ್ಲಿ ಜನ ಬರುವುದು ಬಿಡುತ್ತಾರೆ. ಅಂಥ ವಾರಗಳನ್ನು ಪಂಚಾಂಗ ನೋಡಿ ಮೊದಲೇ ರಜೆ ಅಂತ ಗುರುತಿಸಿ.

ಗಂಗಾವತಿ_ಕ್ಲಾರಿಯೋನೆಟ್

ಸಂಜೆಯ ಜೋಡಣೆ. 7:00ರಿಂದ 7:45, 8:05ರಿಂದ 8:50, 9:10ರಿಂದ 9:45. ಒಂದು ಹಾಡು ಮಾತೂ ಸೇರಿ ಐದು ನಿಮಿಷ, ಒಟ್ಟು 25 ಹಾಡು ಬೇಕು. ಅಷ್ಟು ಕಲಿಯುವವರೆಗೆ ಮಾಲೀಕರನ್ನು ಒಪ್ಪಿಸಿ ಈ ಮೂರರಲ್ಲಿ ಎರಡೇ ಅವಧಿ ಇಟ್ಟುಕೊಳ್ಳಿ, 16ರಿಂದ 18 ಹಾಡು ಸಾಕು. ಒಂದೇ ಶ್ರುತಿಯ ಎರಡು ಹಾಡು, ಒಂದೇ ಲಯದ ಎರಡು ಹಾಡು ಅಕ್ಕಪಕ್ಕ ಬರಬಾರದು. ಕರಿ ಐದು, ಬಿಳಿ ನಾಲ್ಕು, ಕರಿ ಎರಡು, ಈ ಮೂರು ಶ್ರುತಿ ಟ್ರಂಪೆಟ್‌ಗೆ ಕೈಗೆಟಕುತ್ತವೆ.

ಪ್ರತಿ ಹಾಡಿನ ಕ್ರಮ: ಎಲ್ಲರೂ ಕೂಡಿ ಧಾಟಿ ಒಂದು ಸಲ, ಆಮೇಲೆ ಒಬ್ಬೊಬ್ಬರದು ಒಂದೊಂದು ಸುತ್ತು, ಕೊನೆಗೆ ಕೂಡಿ ಎರಡು ಸುತ್ತು. ಒಂಟಿ ಸುತ್ತು ಕ್ಲಾರಿಯೋನೆಟ್‌ನಿಂದ ಶುರುವಾಗಲಿ, ನಂತರ ಯುಫೋನಿಯಂ, ಕೀಬೋರ್ಡ್, ಕೊನೆಗೆ ಟ್ರಂಪೆಟ್. ಕೂಡಿ ಊದುವಾಗ ಅತಿ ಹೆಚ್ಚು ಶ್ರಮ ಟ್ರಂಪೆಟ್‌ನವರ ತುಟಿಗೆ, ನಡುವೆ ಅವರಿಗೆ ಎರಡು ನಿಮಿಷ ಸಿಗುತ್ತದೆ. ಎಲ್ಲರೂ ಪ್ರತಿ ಹಾಡಿನಲ್ಲೂ ಒಂಟಿಯಾಗಿ ಬಾರಿಸಲೇಬೇಕೆಂದಿಲ್ಲ, ಹಾಗೆ ಮಾಡಿದರೆ ಹಾಡು ಎಂಟು ನಿಮಿಷ ಎಳೆಯುತ್ತದೆ, ಊಟಕ್ಕೆ ಬಂದವರು ಮೊಬೈಲ್ ತೆಗೆಯುತ್ತಾರೆ.

ಸನ್ನೆಗಳನ್ನು ಕಲಿಸಿ. ತಲೆ ಮುಟ್ಟಿದರೆ ಮೂಲ ಧಾಟಿಗೆ ವಾಪಸ್, ಮುಷ್ಟಿ ಎತ್ತಿದರೆ ಇದೇ ಕೊನೆ ಸುತ್ತು. ಬೆರಳು ಕೆಳಮುಖ ತೋರಿಸುವುದು ಶ್ರುತಿಗೆ: ಒಂದು ಬೆರಳು ಬಿಳಿ ನಾಲ್ಕು, ಎರಡು ಕರಿ ಐದು, ಮೂರು ಕರಿ ಎರಡು. ಲೋಕದ ಬಹಳಷ್ಟು ಕಡೆ ಜಾಝ್ ಬಾರಿಸುವವರಿಗೆ ಇದು ಗೊತ್ತು, ಯಾರಾದರೂ ಅತಿಥಿ ವಾದಕರು ಬಂದರೂ ತೊಂದರೆಯಿಲ್ಲ.

ನಗುತ್ತಾ ನಗಿಸುತ್ತಾ ಬಾರಿಸಬೇಕು ಅಂತ ಬರೆದಿದ್ದಿರಿ. 1917ರ ಆ ಮೊದಲ ರೆಕಾರ್ಡಿನಲ್ಲೇ ಕ್ಲಾರಿಯೋನೆಟ್ ಹುಂಜದಂತೆ ಕೂಗುತ್ತದೆ, ಕಾರ್ನೆಟ್ ಕುದುರೆಯಂತೆ ಕೆನೆಯುತ್ತದೆ, ಟ್ರೋಂಬೋನ್ ದನದಂತೆ ಅಂಬಾ ಅನ್ನುತ್ತದೆ. ಅಂದರೆ ತಮಾಷೆ ಈ ಸಂಗೀತಕ್ಕೆ ಹುಟ್ಟಿನಿಂದಲೇ ಬಂದದ್ದು, ಹಿಂಜರಿಯಬೇಕಿಲ್ಲ. ಟ್ರಂಪೆಟ್‌ನವರು ಹಾರ್ಡ್‌ವೇರ್ ಅಂಗಡಿಯಿಂದ ಸಿಂಕ್ ಬ್ಲಾಕ್ ತೆಗೆಯುವ ರಬ್ಬರ್ ಕಪ್ಪು ತನ್ನಿ, ಹಿಡಿ ಕಳಚಿ ಬರೀ ಕಪ್ಪು. ವಾದ್ಯದ ಬಾಯಿ ಐದು ಇಂಚಿನ ಹತ್ತಿರ ಇರುತ್ತದೆ, ಕಪ್ಪು ಅದಕ್ಕಿಂತ ತುಸು ಸಣ್ಣದಿರಲಿ. ಎಡಗೈಯಲ್ಲಿ ಹಿಡಿದು ಮುಚ್ಚಿ ತೆರೆದರೆ ವಾದ್ಯ ಮಾತಾಡುತ್ತದೆ. ಮಕ್ಕಳ ಹೆಸರು ಕೇಳಿ ಅದರಲ್ಲಿ ಕೂಗಿ, ಇಡೀ ಮೇಜು ನಿಮ್ಮ ಕಡೆ ತಿರುಗುತ್ತದೆ. ಮುಚ್ಚಿದಾಗ ಶ್ರುತಿ ತುಸು ಬದಲಾಗುತ್ತದೆ, ತುಟಿಯಿಂದ ಸರಿಮಾಡಿಕೊಳ್ಳಬೇಕು. ಒಂದು ಅವಧಿಗೆ ಎರಡು ಸಲಕ್ಕಿಂತ ಹೆಚ್ಚು ಬಳಸಿದರೆ ಸವಕಲಾಗುತ್ತದೆ.

ನಿಲ್ಲುವ ಜಾಗ: ತಗಡಿನ ಶೀಟ್ ಕೆಳಗೆ ಬೇಡ. ಹತ್ತಿರದ ಮೇಜಿಗೂ ಟ್ರಂಪೆಟ್‌ಗೂ ಕನಿಷ್ಠ ನಾಲ್ಕು ಮೀಟರ್. ತೆರೆದ ಜಾಗದಲ್ಲಿ ದೂರ ದುಪ್ಪಟ್ಟಾದಂತೆ 6 ಡೆಸಿಬೆಲ್ ಇಳಿಯುತ್ತದೆ, ಎರಡು ಮೀಟರ್‌ನಲ್ಲಿ ಕೂತವರು ಮಾತಾಡಲಾರರು. ಮೈಕ್ ಒಂದೇ ಸಾಕು, ಮಾತಿಗೆ ಮತ್ತು ಕ್ಲಾರಿಯೋನೆಟ್ ಒಂಟಿ ಸುತ್ತಿಗೆ. ಕೊನೆಯ ಹಾಡಿಗೆ ಕೀಬೋರ್ಡ್ ಬಿಟ್ಟು ಉಳಿದವರೆಲ್ಲ ಮೇಜುಗಳ ನಡುವೆ ನಡೆದು ಬಾರಿಸಿ. ನಡೆಯುತ್ತಾ ಊದುವುದು ನಿಮ್ಮಷ್ಟು ಚೆನ್ನಾಗಿ ಯಾವ ಪಬ್ ಬ್ಯಾಂಡಿಗೂ ಬರುವುದಿಲ್ಲ.

ಗಣಿನಾಡು_ಬ್ಯಾಂಡ್ (ಬಳ್ಳಾರಿ)

ಸ್ಲೈಡ್ ಎಳೆದ ಮೇಲೆ ಯುಫೋನಿಯಂ 5 ಸೆಂಟ್ ಒಳಗೆ ಬಂತು. ಸೂಸಾಫೋನ್ ರಿಪೇರಿಗೆ ಕೊಟ್ಟೀವಿ. ಒಂದೇ ಉಳೀತು: ನಡೆದು ಬಾರಿಸೋ ಕೊನೆ ಹಾಡು ಯಾವ ಶ್ರುತೀಲಿ ಇಟ್ರೆ ಚಲೋ? ಕೀಬೋರ್ಡ್ ಇರೋದಿಲ್ವಲ್ಲ.

ಕರಿ_ಐದು (ರಾಯಚೂರು)

ಕರಿ ಐದು. ಟ್ರಂಪೆಟ್‌ಗೂ ಯುಫೋನಿಯಂಗೂ ವಾಲ್ವ್ ಒತ್ತದೇ ಬರೋ ಸ್ವರ ಜಾಸ್ತಿ, ನಡೆಯೋವಾಗ ತುಟಿ ಅಲುಗಿದ್ರೂ ಸ್ವರ ತಪ್ಪೋದು ಕಡಿಮಿ. 16 ಆವರ್ತದ ಹಾಡು ಆರಿಸ್ರಿ, ಲಯ 120ರ ಮ್ಯಾಲ ಹೋಗಬಾರದು, ಹೆಜ್ಜೆ 1 ಮತ್ತು 3ಕ್ಕ. ಮೇಜಿನ ಸಂದಿ ಒಬ್ಬರು ಹೋಗೋವಷ್ಟೇ ಇದ್ರ ಸೈಡ್ ಡ್ರಮ್ ಮುಂದ, ಬೇಸ್ ಡ್ರಮ್ ಕೊನಿಗೆ ಬರಲಿ, ಅಗಲದ ಡ್ರಮ್ ನಡುವ ಸಿಕ್ಕೊಂಡ್ರ ಹಿಂದಿನವರೆಲ್ಲಾ ನಿಂತುಬಿಡ್ತಾರ. ವೇಟರ್‌ಗಳಿಗೆ ಮೊದಲೇ ಹೇಳಿಡ್ರಿ, ಆ ಐದು ನಿಮಿಷ ಸಾರಿನ ತಟ್ಟೆ ತರಬಾರದು.